ತೊಳೆದು ಕೊಟ್ಟ ಡ್ರೈವುಗಳು

ಹಿರಿಯೂರಿನ ಆ ಪಂಪ್‌ಸೆಟ್ ಅಂಗಡಿಯ ಮುಂದೆ ವ್ಯಾನು ನಿಂತಾಗ ಮೊದಲು ಕಣ್ಣಿಗೆ ಬಿದ್ದದ್ದು ಬಿಸಿಲಿಗೆ ಬೆನ್ನು ಕೊಟ್ಟು ಕುಳಿತಿದ್ದ ಎರಡು ಹಳೆಯ ಕಂಪ್ಯೂಟರುಗಳು. ಕುರ್ಚಿಗೆ ಒಂದೊಂದು. ಎರಡರ ಹಣೆಗೂ ಮೂರು ಬೆರಳಿನ ವಿಭೂತಿ, ನಡುವೆ ಕುಂಕುಮ. ಕೆಳಗಿನ ಕಲ್ಲುಹಾಸು ಇನ್ನೂ ಒದ್ದೆಯಾಗಿತ್ತು.

“ಬರ್ರಿ, ಬರ್ರಿ, ಕುಂತ್ಕಳ್ರಿ” ಎಂದು ಅಂಗಡಿಯ ಯಜಮಾನರು ಎದ್ದು ಬಂದರು. “ಬರ್ತೀನಿ ಅಂತ ನೀವು ನಿನ್ನೆ ಫೋನ್ ಮಾಡಿದ್ರಲ್ಲ, ಬೆಳಿಗ್ಗೆ ಎದ್ದೋನೇ ಗಾಡಿ ತೊಳೆಯೋ ಸರ್ವೀಸ್ ಸ್ಟೇಷನ್ನಿಗೆ ಕಳಿಸಿ ಪ್ರೆಷರ್ ನೀರಾಗೆ ತೊಳೆಸಿಬಿಟ್ಟೆ. ಎಷ್ಟು ವರ್ಷದ ಧೂಳು ಅಂತೀರಿ! ಈಗ ನೋಡ್ರಿ, ಹೆಂಗೆ ಮಿಂಚ್ತವೆ!”

ಮಿಂಚುತ್ತಿದ್ದವು, ನಿಜ. ನಾನು ಬಗ್ಗಿ, ಫ್ಲಾಪಿ ತೂರಿಸುವ ಬಾಯಿಯನ್ನು ಬೆರಳಲ್ಲಿ ಒತ್ತಿ ನೋಡಿದೆ. ಒಳಗಿನಿಂದ ನೀರು ಸುರಿಯಿತು.

ಪಕ್ಕದಲ್ಲಿದ್ದ ನನ್ನ ಗೆಳೆಯ ಮುಖ ತಿರುಗಿಸಿಕೊಂಡ. ಸರ್ಕಾರಿ ಬಸ್ಸು ಓಡಿಸಿ ನಿವೃತ್ತನಾದವನು, ವ್ಯಾನು ಅವನದೇ. ಅವನು ನಗು ತಡೆಯುತ್ತಿದ್ದಾನೆ ಎಂದು ಅವನ ಹೆಗಲು ನೋಡಿದರೇ ಗೊತ್ತಾಗುತ್ತಿತ್ತು. ನನಗೆ ನಗು ಬರಲಿಲ್ಲ.

ನಾನು ಯಾಕೆ ಅಲ್ಲಿಗೆ ಹೋಗಿದ್ದೆ ಎಂಬುದನ್ನು ಹೇಳಿಬಿಡುತ್ತೇನೆ. ಚಿತ್ರದುರ್ಗದಲ್ಲಿ ನನ್ನದೊಂದು ಕಂಪ್ಯೂಟರ್ ರಿಪೇರಿ ಅಂಗಡಿಯಿದೆ. ಹಿರೇಗುಂಟನೂರಿನ ಒಬ್ಬ ನಿವೃತ್ತ ಮೇಷ್ಟ್ರು ಒಂದು ದಿನ ಬಿಸ್ಕತ್ತಿನ ತಗಡಿನ ಡಬ್ಬಿ ಹಿಡಿದು ಬಂದರು. ಒಳಗೆ ಐದು ಫ್ಲಾಪಿ. ಅಂಗೈಗಿಂತ ಅಗಲವಾದ, ಹಿಡಿದರೆ ಬಳುಕುವ, ಐದೂಕಾಲು ಇಂಚಿನ ಹಳೆಯ ಜಾತಿಯವು. ಒಂದೊಂದರ ಮೇಲೂ ಅವರದೇ ಕೈಬರಹದ ಚೀಟಿ: ಮೊದಲನೆಯದು ‘ಅ ಇಂದ ಔ’, ಎರಡನೆಯದು ಕ ವರ್ಗ, ಮೂರನೆಯದು ಚ, ಟ ವರ್ಗ, ಹೀಗೆ ಐದನೆಯದು ‘ಯ ಇಂದ ಳ’. ನಮ್ಮ ಸೀಮೆಯ ಒಕ್ಕಲುತನದ ಮಾತುಗಳನ್ನು ಅವರು ಊರೂರು ಸುತ್ತಿ, ಕಣದಲ್ಲಿ, ಕಟ್ಟೆಯ ಮೇಲೆ, ಹಟ್ಟಿಯಲ್ಲಿ ಮುದುಕರ ಎದುರು ಕುಳಿತು ಬರೆದುಕೊಂಡಿದ್ದರು. ಒಂದು ಮುದ್ರಣಾಲಯದವರು ಅಚ್ಚು ಮಾಡುತ್ತೇವೆಂದು ಎಲ್ಲವನ್ನೂ ಟೈಪು ಮಾಡಿಸಿ ಫ್ಲಾಪಿಗೆ ಹಾಕಿದರು. ಅಚ್ಚಾಗುವ ಮೊದಲೇ ಮುದ್ರಣಾಲಯ ಮುಚ್ಚಿತು. ಬರೆದ ಚೀಟಿಗಳ ಗಂಟನ್ನು ಗೆದ್ದಲು ತಿಂದಿತು. ಮಾತು ಹೇಳಿದ ಮುದುಕರು ಒಬ್ಬೊಬ್ಬರಾಗಿ ಹೋದರು. ಉಳಿದದ್ದು ಈ ಐದೇ.

“ನನ್ನ ಕಣ್ಣಿನ ನರ ಒಣಗ್ತಾ ಐತಂತಪ್ಪ. ಇನ್ನು ಕೆಲವು ತಿಂಗಳು ಅಕ್ಷರ ಕಾಣಬೋದು, ಆಮೇಲೆ ಭರವಸೆ ಇಲ್ಲ ಅಂದ್ರು ಡಾಕ್ಟ್ರು. ಅಷ್ಟರಾಗೆ ಒಂದು ಸಲ ತಿದ್ದಿಬಿಡಬೇಕು. ಆ ಟೈಪ್ ಮಾಡಿದೋನು ಎಷ್ಟು ತಪ್ಪು ಮಾಡ್ಯಾನೋ ಏನೋ” ಎಂದರು ಮೇಷ್ಟ್ರು.

ಹಳ್ಳಿಯ ಮಾತನ್ನು ಅಜ್ಜಿಯ ಸೆರಗು ಹಿಡಿದು ಕಲಿತವನು ನಾನು. ಆಗಲ್ಲ ಎನ್ನಲು ನಾಲಿಗೆ ಏಳಲಿಲ್ಲ. ಆದರೆ ಆ ಫ್ಲಾಪಿ ಓದುವ ಡ್ರೈವು ಈಗ ಎಲ್ಲಿದೆ? ಪೇಟೆಯಲ್ಲಿ ಕೇಳಿದರೆ ನಗುತ್ತಾರೆ. ದೂರದಿಂದ ತರಿಸಿದ ಒಂದು, ದಾರಿಯಲ್ಲೇ ಕುಲುಕಾಡಿ ಹೆಡ್ಡು ಸೊಟ್ಟಗಾಗಿ ಬಂತು. ಹೆಡ್ಡು ಎಂದರೆ ಫ್ಲಾಪಿಯ ಮೈ ಸವರಿ ಓದುವ ಸಣ್ಣ ತುಣುಕು. ಅದು ಕೂದಲೆಳೆಯಷ್ಟು ಆಚೀಚೆಯಾದರೂ ಕೆಲಸಕ್ಕೆ ಬಾರದು. ಉಳಿದ ದಾರಿ ಒಂದೇ: ಜಿಲ್ಲೆಯಲ್ಲಿ ಹಳೆಯ ಕಂಪ್ಯೂಟರ್ ಇಟ್ಟುಕೊಂಡವರನ್ನು ಹುಡುಕಿ, ಬೇಡಿ ತರುವುದು. ಹಳೆಯ ಗಿರಾಕಿಗಳನ್ನು ವಿಚಾರಿಸಿ ಮೂರು ವಿಳಾಸ ಹಿಡಿದೆ. ಮೊದಲನೆಯದೇ ಹಿರಿಯೂರು. ಆ ಯಜಮಾನರು ಹಿಂದೆ ಅಂಗಡಿಯ ಮಹಡಿಯಲ್ಲಿ ಕಂಪ್ಯೂಟರ್ ತರಬೇತಿ ಕೇಂದ್ರ ನಡೆಸಿದವರು.

ಅವರು ಬಲವಂತ ಮಾಡಿ ಮಂಡಕ್ಕಿ, ಮೆಣಸಿನಕಾಯಿ ತಿನ್ನಿಸಿದರು. ಎರಡೂ ಡಬ್ಬಗಳನ್ನು ತಾವೇ ಎತ್ತಿ ವ್ಯಾನಿನಲ್ಲಿಟ್ಟು ಕೈ ಮುಗಿದರು. ಬಯ್ಯುವುದು ಹೇಗೆ? ಅಂಗಡಿಗೆ ತಂದು ಬಿಚ್ಚಿ ನೋಡಿದರೆ, ನೀರಿನ ಹೊಡೆತಕ್ಕೆ ಹೆಡ್ಡಿನ ಎಳೆಯಂಥ ಪಟ್ಟಿಗಳು ಎರಡರಲ್ಲೂ ಕಿತ್ತುಬಂದಿದ್ದವು. ಒಂದರಲ್ಲಂತೂ ಹೆಡ್ಡೇ ಇರಲಿಲ್ಲ. ಸರ್ವೀಸ್ ಸ್ಟೇಷನ್ನಿನ ಚರಂಡಿ ಸೇರಿರಬೇಕು.

“ಬಾಯಿ ಮುಕ್ಕಳಿಸ್ಯಾರೆ, ಹಲ್ಲು ಉದುರ್ಯಾವೆ” ಎಂದ ಗೆಳೆಯ.

“ಸುಮ್ನಿರಲೇ” ಎಂದೆ.

ಎರಡನೆಯ ವಿಳಾಸ ಹೊಸದುರ್ಗ. ಅಲ್ಲಿ ಟೈಪಿಂಗ್ ಕೆಲಸ ಮಾಡಿಕೊಡುತ್ತಿದ್ದ ಒಬ್ಬ ತಾಯಿ ಇದ್ದರು. ಈ ಸಲ ನಾನು ಫೋನಿನಲ್ಲಿ ಮೂರು ಬಾರಿ ಹೇಳಿದೆ: “ಅಮ್ಮಾ, ದಯವಿಟ್ಟು ಅದಕ್ಕೆ ನೀರು ಮುಟ್ಟಿಸಬೇಡಿ. ಧೂಳಿದ್ದರೆ ಇರಲಿ. ಹೇಗಿದೆಯೋ ಹಾಗೇ ಇರಲಿ.” “ಒಂದು ಹನಿ ನೀರು ಮುಟ್ಟಿಸಲ್ಲ ಕಣಪ್ಪ” ಎಂದು ಅವರು ಮಾತು ಕೊಟ್ಟರು.

ಮಾತು ಉಳಿಸಿಕೊಂಡರು ಕೂಡ. ಹೋದಾಗ ಕಂಪ್ಯೂಟರ್ ಒಣಗಿತ್ತು. ಆದರೆ ಡ್ರೈವಿನ ಬಾಯಿಯ ಸುತ್ತ ಏನೋ ಜಿಡ್ಡು ಹೊಳೆಯುತ್ತಿತ್ತು.

“ಇದೇನಮ್ಮ?”

“ನಿಂತ ಮಷೀನು ಅಲ್ವೇನಪ್ಪ, ಬಿಗಿದುಕೊಂಡಿರ್ತದೆ. ಹೊಲಿಗೆ ಮಷೀನಿಂದು ಎಣ್ಣೆ ಇತ್ತು, ಒಳಗೆ ಹೊಯ್ದೀನಿ. ಈಗ ನೋಡು, ಬಾಗಿಲು ಎಷ್ಟು ಸಲೀಸಾಗಿ ಹಾಕ್ಕಂತದೆ!” ಎಂದು ಅವರು ಡ್ರೈವಿನ ಚಿಲಕವನ್ನು ಆ ಕಡೆ ಈ ಕಡೆ ತಿರುಗಿಸಿ ತೋರಿಸಿದರು.

ಹಿಂದಿರುಗುವಾಗ ಹೊಳಲ್ಕೆರೆ ದಾಟಿದ ಮೇಲೆ ಗೆಳೆಯ, “ಮುಂದಿನವರಿಗೆ ನೀರೂ ಬ್ಯಾಡ, ಎಣ್ಣೇನೂ ಬ್ಯಾಡ ಅಂತ ಹೇಳು. ತುಪ್ಪ ಹಾಕ್ತಾರೆ” ಎಂದ.

ಎಣ್ಣೆ ನೀರಿನಷ್ಟು ಕೆಟ್ಟದ್ದಲ್ಲ, ಹೆಡ್ಡು ಗಟ್ಟಿಯಾಗಿತ್ತು. ಡ್ರೈವನ್ನು ಪೂರ್ತಿ ಬಿಚ್ಚಿ, ಸ್ಪಿರಿಟ್‌ನಲ್ಲಿ ಅದ್ದಿದ ಹತ್ತಿಯಿಂದ ಹೆಡ್ಡು, ಅದು ಜಾರುವ ಸರಳುಗಳು, ತಿರುಗುವ ಚಕ್ರ, ಎಲ್ಲವನ್ನೂ ಒರೆಸಿದೆ. ಒರೆಸಿದಷ್ಟೂ ಯಾವುದೋ ಮೂಲೆಯಿಂದ ಎಣ್ಣೆ ಜಿನುಗುತ್ತಿತ್ತು. ಎರಡು ದಿನ ಬೇರೆ ರಿಪೇರಿ ಕೆಲಸಗಳನ್ನೆಲ್ಲ ಬದಿಗಿಟ್ಟೆ. ಮೂರನೆಯ ದಿನ ನನ್ನ ಹತ್ತಿರವಿದ್ದ ಕೆಲಸಕ್ಕೆ ಬಾರದ ಒಂದು ಫ್ಲಾಪಿ ಹಾಕಿದೆ. ಓದಿತು! ಇನ್ನೊಮ್ಮೆ ಹಾಕಿದೆ. ಮತ್ತೆ ಓದಿತು.

ಅಲ್ಲಿ ನಿಲ್ಲಬೇಕಿತ್ತು. ಇನ್ನೂ ಹತ್ತು ಸಲ ಪರೀಕ್ಷೆ ಮಾಡಬೇಕಿತ್ತು. ಹೆಡ್ಡನ್ನು ಭೂತಗನ್ನಡಿಯಲ್ಲಿ ನೋಡಬೇಕಿತ್ತು. ಇಷ್ಟು ದಿನದ ಓಡಾಟದ ಸಿಟ್ಟು, ಕೊನೆಗೂ ಓದಿತೆಂಬ ಹಿಗ್ಗು, ಎರಡೂ ಸೇರಿ ನನ್ನ ಕೈಯನ್ನು ಬಿಸ್ಕತ್ತಿನ ಡಬ್ಬಿಗೆ ಹಾಕಿಸಿದವು. ಅಪ್ಪಿತಪ್ಪಿ ಅಳಿಸಿಹೋಗದಿರಲೆಂದು ಫ್ಲಾಪಿಯ ಅಂಚಿನ ಕಚ್ಚಿಗೆ ಟೇಪು ಅಂಟಿಸಿದೆ. ಅಷ್ಟು ಎಚ್ಚರ ಇತ್ತು. ಮೊದಲನೆಯದನ್ನೇ ಹಾಕಿದೆ.

ಟಕ್, ಟಕ್ ಎಂದು ಹೆಡ್ಡು ಹೆಜ್ಜೆಯಿಡುವ ಸದ್ದು ಕೇಳಿತು. ಫ್ಲಾಪಿ ಪೂರ್ತಿ ಓದಲು ಇಡಬೇಕಾದ ನಲವತ್ತು ಹೆಜ್ಜೆಗಳಲ್ಲಿ ಹದಿನೈದರವರೆಗೆ ಸರಿಯಾಗಿ ಹೋಯಿತು. ಆಮೇಲೆ ಸದ್ದು ಬದಲಾಯಿತು. ಹಂಚಿನ ಮೇಲೆ ಉಗುರು ಎಳೆದಂತೆ. ತಕ್ಷಣ ಚಿಲಕ ತಿರುಗಿಸಿ ಹೊರಗೆಳೆದೆ. ಫ್ಲಾಪಿಯ ಕಂದು ಮೈಮೇಲೆ ಬಳೆಯಂತೆ ಒಂದು ಗೀರು. ಅದರಾಚೆಗೆ ಮತ್ತೂ ಒಂದು, ಮತ್ತೂ ಒಂದು. ಎಣ್ಣೆ, ಧೂಳು, ಹಳೆಯ ಫ್ಲಾಪಿಯಿಂದ ಉದುರಿದ ಪುಡಿ ಸೇರಿ ಹೆಡ್ಡಿನ ಮೇಲೆ ಮರಳುಕಾಗದದಂಥ ಪೊರೆ ಕಟ್ಟಿತ್ತು. ‘ಅ ಇಂದ ಔ’ದಲ್ಲಿ ಅರ್ಧಕ್ಕಿಂತ ಹೆಚ್ಚು ಹೋಗಿತ್ತು. ಹಿರಿಯೂರಿನವರನ್ನೂ ಹೊಸದುರ್ಗದವರನ್ನೂ ಮನಸ್ಸಿನಲ್ಲೇ ಎಷ್ಟು ಬೈದುಕೊಂಡಿದ್ದೆನೋ ಅಷ್ಟೂ ಈಗ ನನಗೇ ತಿರುಗಿತು.

ಫೋನಿನಲ್ಲಿ ಹೇಳುವ ಮಾತಲ್ಲ. ಮಾರನೆಯ ದಿನ ಡಬ್ಬಿ ಸಮೇತ ಹಿರೇಗುಂಟನೂರಿಗೆ ಹೋದೆ. ಮೇಷ್ಟ್ರು ಜಗಲಿಯ ಮೇಲೆ ಕುಳಿತು, ಪತ್ರಿಕೆಯನ್ನು ಮೂಗಿಗೆ ತಾಗಿಸಿಕೊಂಡು ಓದುತ್ತಿದ್ದರು. ನಾನು ಫ್ಲಾಪಿಯನ್ನು ಅವರ ಕೈಗಿತ್ತು, “ಕೈ ತಪ್ಪಿ ಹೋಯಿತು ಮೇಷ್ಟ್ರೇ” ಎಂದೆ.

ಅವರು ಬೆರಳಿನಿಂದ ಗೀರನ್ನು ಮುಟ್ಟಿ ನೋಡಿದರು. “ಕೈ ತಪ್ತು ಅನ್ನಬ್ಯಾಡ. ಆತುರ ಆಯ್ತು ಅನ್ನು.”

“ಆತುರವಾಯಿತು.”

“ಆತುರಗಾರನಿಗೆ ಬುದ್ಧಿ ಮಟ್ಟ ಅಂತ ಗಾದೆ ಐತೆ. ಅದೂ ಇದ್ರಾಗೇ ಇತ್ತು. ಆ ಅಕ್ಷರದಾಗೆ!” ಧ್ವನಿ ಏರಿತ್ತು. ಒಳಗಿನಿಂದ ಅವರ ಹೆಂಡತಿ ಇಣುಕಿ ನೋಡಿ, ಹಾಗೇ ಒಳಗೆ ಹೋದರು. ಮೇಷ್ಟ್ರು ಡಬ್ಬಿಯನ್ನು ತಮ್ಮ ತೊಡೆಯ ಮೇಲಿಟ್ಟುಕೊಂಡು, “ಇನ್ಮ್ಯಾಲೆ ಇದು ನನ್ನ ಹತ್ರಾನೇ ಇರ್ಲಿ. ಸರಿಯಾದ ಡ್ರೈವು ಸಿಕ್ಕಿದ ದಿನ ಹೇಳು, ನಾನೇ ತರ್ತೀನಿ” ಎಂದರು.

ನಾನು ಎರಡು ಊರಿನ ಕಥೆಯನ್ನೂ ಹೇಳಿದೆ. ಅವರು ನಗಲಿಲ್ಲ. “ಅವರದೇನು ತಪ್ಪು? ಇನ್ನೊಬ್ಬರ ಮನೆಗೆ ಹೋಗೋ ಪಾತ್ರೆ ಬೆಳಗಿ ಕಳಿಸಬೇಕು. ನಿಮ್ಮಜ್ಜಿ ಕೊಳಕು ಚೊಂಬು ಕೊಟ್ಟಿದ್ಳೇನು ಯಾರಿಗಾದ್ರೂ? ನೀನು ನಾಳೆ ಬರ್ತೀನಿ ಅಂದ್ರೆ ಅವ್ರು ಇವತ್ತು ತೊಳೀತಾರೆ. ಹೇಳದಂಗೆ ಹೋಗು.”

ಹೇಳದೆ ಹೋಗುವುದು ಹೇಳಿದಷ್ಟು ಸುಲಭವಲ್ಲ. ಮೂರನೆಯ ವಿಳಾಸ ಹೊಳಲ್ಕೆರೆಯಲ್ಲಿ ಲಗ್ನಪತ್ರಿಕೆ ಅಚ್ಚು ಹಾಕುವ ಒಂದು ಮುದ್ರಣಾಲಯ. ಮೊದಲ ಸಲ ಹೋದಾಗ ಬೀಗ; ಮನೆಯವರೆಲ್ಲ ಯಾವುದೋ ಗೃಹಪ್ರವೇಶಕ್ಕೆ ಹೋಗಿದ್ದರು. ಎರಡನೆಯ ಸಲ ಯಜಮಾನರು ಶಿವಮೊಗ್ಗದಲ್ಲಿದ್ದರು. ಅವರಿಲ್ಲದೆ ಯಾರೂ ಕೋಣೆಯ ಬಾಗಿಲು ತೆಗೆಯಲಿಲ್ಲ. “ನನ್ನ ಸರ್ವೀಸಿನಾಗೆ ಇಷ್ಟು ಖಾಲಿ ಟ್ರಿಪ್ಪು ಹೊಡೆದಿಲ್ಲ” ಎಂದು ಗೆಳೆಯ ಗೊಣಗಿದ. ಅಷ್ಟರಲ್ಲಿ ತಿಂಗಳು ಕಳೆದಿತ್ತು. ಮೇಷ್ಟ್ರು ಪತ್ರಿಕೆಯಲ್ಲಿ ಈಗ ದಪ್ಪ ಅಕ್ಷರದ ಶೀರ್ಷಿಕೆಗಳನ್ನು ಮಾತ್ರ ಓದುತ್ತಿದ್ದಾರೆಂದು ಅವರ ಹೆಂಡತಿ ಫೋನಿನಲ್ಲಿ ಹೇಳಿದ್ದರು.

ಮೂರನೆಯ ಸಲ ಯಜಮಾನರು ಸಿಕ್ಕರು. ಹಣೆಯ ತುಂಬ ವಿಭೂತಿ ಧರಿಸಿದ ಹಿರಿಯರು. ಒಳಗಿನ ಕೋಣೆಗೆ ಕರೆದೊಯ್ದು ಗೋಣಿಚೀಲ ಸರಿಸಿದರು. ಅಡಿಯಲ್ಲಿ ನಾನು ಹುಡುಕುತ್ತಿದ್ದ ಮಾಲು: ಬೆರಳಗಲ ಧೂಳಿನಡಿ ಮಲಗಿದ್ದ ಕಂಪ್ಯೂಟರ್, ಅದರ ಮುಖದಲ್ಲಿ ಐದೂಕಾಲು ಇಂಚಿನ ಡ್ರೈವು. ಬಾಯಿಗೆ ಕಾರ್ಖಾನೆಯಿಂದ ಬಂದ ರಟ್ಟಿನ ತುಂಡನ್ನು ಯಾರೋ ಜೋಪಾನವಾಗಿ ಮತ್ತೆ ಸಿಕ್ಕಿಸಿಟ್ಟಿದ್ದರು. ಆ ರಟ್ಟು ಇದ್ದರೆ ಒಳಗಿನ ಹೆಡ್ಡು ಅಲುಗಿಲ್ಲವೆಂದೇ ಅರ್ಥ.

“ಇದನ್ನ ಹಿಂಗೇ ಕೊಡಾದೆಂಗ್ರಿ?” ಎಂದರು ಯಜಮಾನರು, ಧೂಳು ನೋಡಿ ಮುಖ ಕಿವುಚಿ. “ಬರೋದನ್ನ ಒಂದು ಮಾತು ಮುಂಚೆ ಹೇಳಬಾರದೇನ್ರಿ? ತೊಳೆದು ಇಡ್ತಿದ್ವಿ.”

“ಬ್ಯಾಡ್ರಿ! ಹಿಂಗೇ ಕೊಡ್ರಿ!” ಎಂದು ನನಗಿಂತ ಮೊದಲು ಗೆಳೆಯ ಕೂಗಿದ.

ಬಾಗಿಲಲ್ಲಿ ನಿಂತಿದ್ದ ಅವರ ಹೆಂಡತಿ ನಿಧಾನವಾಗಿ ಹೇಳಿದರು: “ತೊಳೆಯೋದು ಆಮ್ಯಾಲಿನ ಮಾತು. ಇವತ್ತು ಶುಕ್ರವಾರ. ಮನೆಯಿಂದ ಏನೂ ಹೊರಗೆ ಕೊಡಂಗಿಲ್ಲ.”

“ಹಳೇ ಗುಜರಿ ಕಣಮ್ಮ ಇದು” ಎಂದೆ.

“ಹೊಟ್ಟೆ ತುಂಬಿಸಿದ ಮಷೀನು ಕಣಪ್ಪ. ಗುಜರಿ ಅಂತೀಯಲ್ಲ.”

ನಾಲಿಗೆ ಕಚ್ಚಿಕೊಂಡೆ. “ಸೋಮವಾರ ಬರ್ರಿ, ನೀಟಾಗಿ ಕೊಟ್ಟು ಕಳಿಸ್ತೀವಿ” ಎಂದರು ಯಜಮಾನರು. ಸೋಮವಾರ ಎಂದರೆ ನಡುವೆ ಎರಡು ದಿನ. ಎರಡು ದಿನದಲ್ಲಿ ಎಷ್ಟು ಬಕೆಟ್ ನೀರು! ವಾದ ಮಾಡಿದರೆ ಕೆಡುತ್ತದೆ, ಒಪ್ಪಿಕೊಂಡರೆ ತೊಳೆಯುತ್ತಾರೆ. ವ್ಯಾನಿನ ಹತ್ತಿರ ಹೋಗಿ ಬಿಸಿಲಲ್ಲಿ ಸುಮ್ಮನೆ ನಿಂತೆ. ಸಿಟ್ಟಿನಿಂದ ತಲೆ ಕಾದಿತ್ತು. ಡ್ರೈವನ್ನು ತರುವುದು, ತರುವುದು ಎಂದೇ ಒಂದೂವರೆ ತಿಂಗಳು ಓಡಾಡಿದ್ದೆ. ತರಲೇಬೇಕೆಂದು ಯಾರು ಹೇಳಿದ್ದರು? ನನಗೆ ಬೇಕಿದ್ದದ್ದು ಫ್ಲಾಪಿಯೊಳಗಿನ ಮಾತುಗಳು. ಡ್ರೈವನ್ನು ಲ್ಯಾಪ್‌ಟಾಪಿಗೆ ಜೋಡಿಸುವ ಕಾರ್ಡು, ಲ್ಯಾಪ್‌ಟಾಪು, ಡ್ರೈವಿಗೆ ವಿದ್ಯುತ್ ಕೊಡುವ ಡಬ್ಬ, ಹತ್ತಿ, ಸ್ಪಿರಿಟ್, ಎಲ್ಲವೂ ಪರೀಕ್ಷೆಗೆಂದು ವ್ಯಾನಿನಲ್ಲೇ ಇದ್ದವು.

ಒಳಗೆ ಹೋಗಿ ಕೇಳಿದೆ: “ಇದನ್ನು ಹೊರಗೆ ಒಯ್ಯುವುದಿಲ್ಲ. ಇಲ್ಲೇ ಕುಳಿತು ಒಂದಿಷ್ಟು ಕೆಲಸ ಮಾಡಿಕೊಳ್ಳಲೇ? ತೊಳೆಯುವುದನ್ನೂ ನಾನೇ ಮಾಡುತ್ತೇನೆ.”

ಯಜಮಾನರು ಹೆಂಡತಿಯ ಮುಖ ನೋಡಿದರು. ಆಕೆ, “ಇಲ್ಲೇ ಅಂದ್ರೆ ಅಡ್ಡಿಯಿಲ್ಲ. ಊಟಕ್ಕೂ ಇಲ್ಲೇ ಇರ್ರಿ” ಎಂದರು.

ಗೆಳೆಯನಿಗೆ, “ಹಿರೇಗುಂಟನೂರಿಗೆ ಹೋಗು. ಡಬ್ಬಿ ಸಮೇತ ಮೇಷ್ಟ್ರನ್ನು ಕರೆದುಕೊಂಡು ಬಾ” ಎಂದೆ.

“ಡಬ್ಬಿ ಬಂದ್ರೆ ಮೇಷ್ಟ್ರು ಬರ್ತಾರೆ ಬಿಡು” ಎಂದು ಅವನು ಹೊರಟ.

ವ್ಯಾನಿನಿಂದ ಇಳಿಸಿಕೊಂಡ ಸಾಮಾನು ಹರಡಿ, ಡ್ರೈವನ್ನು ಕಂಪ್ಯೂಟರಿನಿಂದ ಬಿಚ್ಚಿ ಮೇಜಿನ ಮೇಲಿಟ್ಟೆ. ಮೊದಲು ಒಣ ಕುಂಚದಿಂದ ಧೂಳು ಕೊಡವಿದೆ. ಆಮೇಲೆ ಹತ್ತಿ, ಸ್ಪಿರಿಟ್. ಒಂದು ಹತ್ತಿ ಕೊಳೆಯಾದರೆ ಎಸೆದು ಇನ್ನೊಂದು. ಮನೆಯಾಕೆ ಪಕ್ಕದಲ್ಲೇ ಸ್ಟೂಲು ಹಾಕಿಕೊಂಡು ಕುಳಿತು ನೋಡಿದರು. ಸುಮಾರು ಹೊತ್ತಾದ ಮೇಲೆ, “ನಮ್ಮತ್ತೆ ದೇವರ ಸಾಮಾನು ಉಜ್ಜುವಾಗ ಇಷ್ಟು ಹೊತ್ತು ಮಾಡ್ತಿದ್ರು” ಎಂದರು. ಈ ಸಲ ಆತುರಪಡಲಿಲ್ಲ. ಹಳೆಯ ಫ್ಲಾಪಿಯೊಂದನ್ನು ಹತ್ತಲ್ಲ, ಇಪ್ಪತ್ತು ಸಲ ಓದಿಸಿದೆ. ಪ್ರತಿ ಸಲವೂ ಹೊರತೆಗೆದು ಭೂತಗನ್ನಡಿಯಲ್ಲಿ ನೋಡಿದೆ. ಗೀರಿಲ್ಲ.

ಮೇಷ್ಟ್ರು ಬಂದವರು ಡಬ್ಬಿಯನ್ನು ತೊಡೆಯಿಂದ ಇಳಿಸಲಿಲ್ಲ. ಒಂದೊಂದನ್ನೇ ಎಣಿಸಿದಂತೆ ತೆಗೆದುಕೊಟ್ಟರು. ಕ ವರ್ಗ ಓದಿತು. ಚ, ಟ ವರ್ಗ ಓದುವ ನಡುವೆ ಕರೆಂಟು ಹೋಯಿತು. ಹೆಡ್ಡು ಫ್ಲಾಪಿಯ ಮೇಲೆ ಹಾಗೇ ಕುಳಿತುಬಿಟ್ಟಿತು. ಚಿಲಕ ಮೆಲ್ಲಗೆ ಬಿಡಿಸಿದೆ. ರೊಟ್ಟಿ, ಮುಳಗಾಯಿ ಪಲ್ಯದ ಊಟ ಮುಗಿದು, ಎಲೆ ಅಡಿಕೆ ಹಾಕಿಕೊಂಡು, ಮೂರು ಗಂಟೆಯವರೆಗೆ ಎಲ್ಲರೂ ಗೋಡೆ ನೋಡುತ್ತ ಕುಳಿತೆವು. ಕರೆಂಟು ಬಂದ ಮೇಲೆ ಅದನ್ನು ಮೊದಲಿಂದ ಓದಿಸಿದೆ. ನಾಲ್ಕನೆಯದೂ ಓದಿತು. ಐದನೆಯದರಲ್ಲಿ ಮೂರು ಕಡೆ ತಪ್ಪು ತೋರಿಸಿತು. ಮತ್ತೆ ಮತ್ತೆ ಓದಿಸಿ ಮೈ ಸವೆಸಲು ಧೈರ್ಯ ಬರಲಿಲ್ಲ. ನಿಧಾನವಾಗಿ ಅಂಗಡಿಯಲ್ಲಿ ನೋಡೋಣ ಎಂದು ನಿಲ್ಲಿಸಿದೆ.

ತೆರೆಯ ಮೇಲೆ ಬಂದದ್ದು ಮೊದಲು ಅರ್ಥವಿಲ್ಲದ ಚಿಹ್ನೆಗಳ ಸಂತೆ. ಆ ಕಾಲದ ಕನ್ನಡ ತಂತ್ರಾಂಶಗಳು ಅಕ್ಷರಗಳಿಗೆ ತಮ್ಮದೇ ಗುಟ್ಟಿನ ಗುರುತು ಇಟ್ಟುಕೊಂಡಿದ್ದವು. ಅದನ್ನು ಇಂದಿನ ಕನ್ನಡಕ್ಕೆ ತಿರುಗಿಸುವ ಪಟ್ಟಿಯನ್ನು ಮೊದಲೇ ಮಾಡಿಟ್ಟುಕೊಂಡಿದ್ದೆ. ಓಡಿಸಿದೆ. ಸಾಲು ಸಾಲಾಗಿ ಮಾತುಗಳು ಎದ್ದವು: ಕಣ್ಣಿ, ಕುಂಟೆ, ಕೂರಿಗೆ, ಕೊಳಗ. ಅಕ್ಷರವನ್ನು ತೆರೆಯಗಲಕ್ಕೆ ಹಿಗ್ಗಿಸಿ ಲ್ಯಾಪ್‌ಟಾಪನ್ನು ಮೇಷ್ಟ್ರ ಮುಖದ ಹತ್ತಿರ ಹಿಡಿದೆ. ಅವರು ಬಹಳ ಹೊತ್ತು ನೋಡಿದರು.

“ಬಿತ್ತೋ ಕೂರಿಗೆಗೆ ಮೂರು ತಾಳು ಅಂತ ಮಾತ್ರ ಹಾಕ್ಯಾನೆ. ನಾಲ್ಕರದ್ದೂ ಐತೆ ಅಂತ ಬರೆದಿದ್ದೆ, ಬಿಟ್ಟುಬಿಟ್ಟಾನೆ ಬಡ್ಡಿಮಗ” ಎಂದರು.

ಅದು ಅವರ ಸಂತೋಷ ಎಂದು ಗೊತ್ತಾಗಲು ನನಗೆ ಸ್ವಲ್ಪ ಹೊತ್ತು ಹಿಡಿಯಿತು.

ಹೊರಡುವಾಗ ಮತ್ತೊಂದು ತಪ್ಪು ಮಾಡಿದೆ. “ಸೋಮವಾರ ಬಂದು ಒಯ್ಯುತ್ತೇನೆ” ಎಂದು ಬಾಯಿ ತಪ್ಪಿ ಹೇಳಿದೆ. ಸೋಮವಾರ ಬೆಳಿಗ್ಗೆ ಯಜಮಾನರ ಫೋನು ಬಂತು: “ನೀವು ಹತ್ತಿಯಾಗೆ ಒರೆಸಿದ್ದು ನಮ್ಮೋಳಿಗೆ ಸಮಾಧಾನ ಆಗಲಿಲ್ರಿ. ಸೀಗೆಪುಡಿ ಹಾಕಿ ಚೆನ್ನಾಗಿ ತೊಳೆದು, ಪೂಜೆ ಮಾಡಿ ಇಟ್ಟೀವಿ. ಬಂದು ತಗಂಡು ಹೋಗ್ರಿ.” ಐದನೆಯ ಫ್ಲಾಪಿಯ ಆ ಮೂರು ಜಾಗಗಳು ಅಲ್ಲಿಗೆ ಮುಗಿದವು. ಹೋಗಿ ತಂದೆ. ಬೇಡ ಎನ್ನುವುದು ಹೇಗೆ?

ಮಾತುಗಳನ್ನು ಹೆಬ್ಬೆರಳಿನಷ್ಟು ದೊಡ್ಡ ಅಕ್ಷರದಲ್ಲಿ ಮುದ್ರಿಸಿ ಹಿರೇಗುಂಟನೂರಿಗೆ ಕೊಟ್ಟುಬಂದೆ. ಮೇಷ್ಟ್ರು ಹದಿನೈದು ದಿನದಲ್ಲಿ ಕೆಂಪು ಪೆನ್ನಿನಿಂದ ಪುಟಗಳನ್ನು ತುಂಬಿಸಿಬಿಟ್ಟರು. ಸಾಲುಗಳು ಒಂದರ ಮೇಲೊಂದು ಏರಿದ್ದವು, ಕೆಲವು ಪುಟದ ಅಂಚು ದಾಟಿದ್ದವು. ಆದರೆ ತಿದ್ದಿ ಮುಗಿಸಿದರು. ಉಳಿದದ್ದು ಹಾಳಾದ ಮೊದಲನೆಯ ಫ್ಲಾಪಿ. ಅದರಿಂದ ಬದುಕಿ ಬಂದವು ಅ, ಆ, ಅರ್ಧ ಇ ಮಾತ್ರ. “ಬರಕೋ. ಹೇಳ್ತೀನಿ” ಎಂದರು.

ನಾಲ್ಕು ಭಾನುವಾರ ಹೋದೆ. ಜಗಲಿಯ ಮೇಲೆ ನಾನು ಪುಸ್ತಕ ಹಿಡಿದು ಕೂರುತ್ತಿದ್ದೆ, ಅವರು ಕಣ್ಣು ಮುಚ್ಚಿ ಹೇಳುತ್ತಿದ್ದರು. ಈಸು. ಉಳುಮೆ. ಎಡೆಕುಂಟೆ. ಒಕ್ಕಣೆ. ಒನಕೆ. ಪ್ರತಿ ಮಾತಿಗೂ ಯಾವ ಊರಿನ ಯಾರು ಹೇಳಿದರೆಂಬುದೂ ಬರುತ್ತಿತ್ತು: ಇದು ಬಬ್ಬೂರಿನ ಕೂಲಿಯವಳು ಹೇಳಿದ್ದು, ಇದು ಮೀಸೆ ಮುದುಕನದು. ಮೊದಲ ವಾರ ನನ್ನ ಕೈ ನೋಯುವಷ್ಟು ಬಂದವು. ಎರಡನೆಯ ವಾರ ಅರ್ಧ ಪುಟ. ಮೂರನೆಯ ವಾರ ನಾಲ್ಕು ಮಾತು. ನಾಲ್ಕನೆಯ ವಾರ ಅವರು ಬಹಳ ಹೊತ್ತು ತುಟಿ ಅಲುಗಿಸುತ್ತ ಕುಳಿತರು, ಏನೂ ಬರಲಿಲ್ಲ.

“ಮುಗಿದವೇ ಮೇಷ್ಟ್ರೇ?” ಎಂದೆ, ಪೆನ್ನು ಮುಚ್ಚಲೋ ಬೇಡವೋ ತಿಳಿಯದೆ.

“ಇಲ್ಲಪ್ಪ. ಇನ್ನೂ ಭಾಳ ಇದ್ದವು. ಯಾವುವು ಅಂತ ಮಾತ್ರ ಗೊತ್ತಿಲ್ಲ” ಎಂದರು.